ಹೈಫಾದ ಬೆಟ್ಟ ಹತ್ತಿದವರು: ಮೈಸೂರು ಲ್ಯಾನ್ಸರ್ಸ್, ಯುದ್ಧದಲ್ಲಿ ಮತ್ತು ಲಾಯದಲ್ಲಿ

ಪ್ರತಿ ವರ್ಷ ಸೆಪ್ಟೆಂಬರ್ 23 ಬಂತೆಂದರೆ ವಾಟ್ಸಾಪಿನಲ್ಲಿ ಒಂದೇ ಸಂದೇಶ ಸುತ್ತತೊಡಗುತ್ತದೆ. 1918ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಬ್ರಿಟಿಷರ ಪರ ತುರ್ಕರ ಮೇಲೆ ಹೋದ ಮೈಸೂರು ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಮೈಸೂರಿನ ಸವಾರರು, ಮೆಷಿನ್‌ಗನ್ನಿನ ಬಾಯಿಗೇ ಕುದುರೆ ಓಡಿಸಿ ಒಂದು ಗಂಟೆಯಲ್ಲಿ ಹೈಫಾ ಗೆದ್ದರಂತೆ. ಊರು ಗೆದ್ದದ್ದು ನಿಜ, ಕೊನೆಯ ಓಟ ಒಂದು ಗಂಟೆಯೊಳಗೇ ಮುಗಿದದ್ದೂ ನಿಜ. ಆದರೆ ಅಂದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಏನು ನಡೆಯಿತು ಎಂಬುದನ್ನು ಆ ಸಂದೇಶ ನುಂಗಿಹಾಕುತ್ತದೆ. ಮೈಸೂರಿನವರ ಅಸಲಿ ಕೆಲಸ ನಡೆದದ್ದೇ ಆ ನಾಲ್ಕು ಗಂಟೆಗಳಲ್ಲಿ. ಅದೂ ನಾಗಾಲೋಟದಲ್ಲಲ್ಲ, ಬೆಟ್ಟದ ಕಲ್ಲುದಾರಿಯಲ್ಲಿ ಏದುಸಿರು ಬಿಡುತ್ತಾ.

ಮೊದಲು ನೆಲ ನೋಡಿ. ಹೈಫಾ ಇಂದಿನ ಇಸ್ರೇಲಿನ ಕಡಲ ತೀರದ ಊರು, ಆಗ ತುರ್ಕರ ಕೈಯಲ್ಲಿತ್ತು. ಆಫುಲೆ, ನಜರೆತ್ ಕಡೆಯಿಂದ ಬರುವ ರಸ್ತೆ ಊರು ಹತ್ತಿರವಾಗುತ್ತಿದ್ದಂತೆ ಇಕ್ಕಟ್ಟಾಗುತ್ತದೆ. ಎಡಕ್ಕೆ ಕಾರ್ಮೆಲ್ ಬೆಟ್ಟ ಕಡಿದಾಗಿ ಏಳುತ್ತದೆ, ಬಲಕ್ಕೆ ಕೀಶೋನ್ ಹೊಳೆ, ಹೊಳೆಯ ಆಚೀಚೆ ಜೌಗು. ಬೆಟ್ಟದ ಮೇಲೆ ಫಿರಂಗಿಗಳು, ಬೆಟ್ಟದ ಬುಡದಲ್ಲೂ ಹೊಳೆಯ ಬದಿಯಲ್ಲೂ ಮೆಷಿನ್‌ಗನ್ನುಗಳು. ಹಿಂದಿನ ದಿನ, 22ರಂದು, ಶತ್ರು ಊರು ಬಿಟ್ಟಿರಬಹುದೆಂದು ನಂಬಿ ಇದೇ ರಸ್ತೆಯಲ್ಲಿ ಕಾರುಗಳಲ್ಲಿ ಹೋದ ತುಕಡಿಯೊಂದು ಗುಂಡಿನ ಮಳೆಗೆ ಸಿಕ್ಕಿ ವಾಪಸು ಬಂದಿತ್ತು. ಕವಚದ ಕಾರು ನುಗ್ಗಲಾಗದ ಕಡೆ ಮರುದಿನ ಕುದುರೆ ನುಗ್ಗಿತು ಎಂದ ಮೇಲೆ ಶೌರ್ಯದ ಜೊತೆಗೆ ಇನ್ನೇನೋ ಇದ್ದಿರಲೇಬೇಕು.

23ರ ಬೆಳಗಿನ ಜಾವ ಐದಕ್ಕೆ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳದ ಬ್ರಿಗೇಡ್ ಆಫುಲೆ ಬಿಟ್ಟಿತು. ಇದರಲ್ಲಿದ್ದದ್ದು ದೇಶೀಯ ಸಂಸ್ಥಾನಗಳ ರೆಜಿಮೆಂಟುಗಳು: ಮೈಸೂರು, ಜೋಧಪುರ, ಹೈದರಾಬಾದ್. ಹೈದರಾಬಾದಿನವರು ಅಂದು ಸೆರೆಯಾಳುಗಳನ್ನು ಕಾಯುವ ಕೆಲಸದಲ್ಲಿದ್ದರು, ಹಾಗಾಗಿ ಹೈಫಾಕ್ಕೆ ಹೋದದ್ದು ಮಿಕ್ಕ ಎರಡೇ. ಹತ್ತು ಗಂಟೆಯ ಹೊತ್ತಿಗೆ ಬಲದ್ ಎಶ್ ಶೇಖ್ ಎಂಬ ಹಳ್ಳಿಯ ಹತ್ತಿರ ಬಂದಾಗ ಬೆಟ್ಟದಿಂದ ಗುಂಡು ಬೀಳತೊಡಗಿತು. ಬ್ರಿಗೇಡಿಯರ್ ಹಾರ್ಬರ್ಡ್ ಅಲ್ಲೇ ನಿಂತು ಕೆಲಸ ಹಂಚಿದ. ಎರಡು ಮೆಷಿನ್‌ಗನ್ನುಗಳೊಂದಿಗೆ ಮೈಸೂರಿನ ಒಂದು ಸ್ಕ್ವಾಡ್ರನ್ (ರೆಜಿಮೆಂಟಿನ ಒಂದು ಭಾಗ) ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಬೇಕು. ಮೈಸೂರಿನದೇ ಇನ್ನೊಂದು ತುಕಡಿ ಬಲಮಗ್ಗುಲಿನಿಂದ ಗುಂಡು ಹಾರಿಸಿ ಶತ್ರು ತಲೆ ಎತ್ತದಂತೆ ನೋಡಿಕೊಳ್ಳಬೇಕು. ಕುದುರೆ ಎಳೆದು ತಂದ ಫಿರಂಗಿಗಳು ಹಿಂದಿನಿಂದ ಹೊಡೆಯಬೇಕು. ಇಷ್ಟಾದ ಮೇಲೆ ಜೋಧಪುರದವರು ಊರಿಗೆ ನುಗ್ಗಬೇಕು.

ಎರಡು ಗಂಟೆಗೆ ಜೋಧಪುರದವರು ಹೊರಟರು. ಮುಂದೆ ನೆಲ ನೋಡಲು ಹೋದವರ ಕುದುರೆಗಳು ಹೊಳೆಯ ಹೂಳಿನಲ್ಲಿ ಸಿಕ್ಕಿ ಮುಳುಗಿದವು. ಹೊಳೆ ದಾಟುವ ಯೋಚನೆ ಅಲ್ಲಿಗೇ ಬಿತ್ತು. ಸ್ಕ್ವಾಡ್ರನ್ ಗುಂಡಿನ ನಡುವೆಯೇ ಎಡಕ್ಕೆ ತಿರುಗಿ, ಬೆಟ್ಟದ ಬುಡದ ಮೆಷಿನ್‌ಗನ್ನುಗಳ ಮೇಲೆ ಬಿದ್ದು, ಅಲ್ಲಿದ್ದವರನ್ನು ಈಟಿಯಿಂದ ಇರಿದು ದಾರಿ ತೆರೆಯಿತು. ಜೋಧಪುರದ ಮೇಜರ್ ದಲಪತ್ ಸಿಂಗ್ ಶೇಖಾವತ್ ಗಾಯಗೊಂಡು ತೀರಿಕೊಂಡದ್ದು ಈ ದಾಳಿಯಲ್ಲಿ. ಹಿಂದಿನ ಸ್ಕ್ವಾಡ್ರನ್ನುಗಳು ಆ ಕಿಂಡಿಯಿಂದ ನೇರ ಊರಿನ ಬೀದಿಗೆ ನುಗ್ಗಿದವು, ಗುಂಡು ಹಾರಿಸುತ್ತಿದ್ದ ಮೈಸೂರಿನವರೂ ಕುದುರೆ ಹತ್ತಿ ಹಿಂಬಾಲಿಸಿದರು.

ಅದೇ ಹೊತ್ತಿಗೆ ಬೆಟ್ಟದ ಮೇಲೆ ಏನಾಗಿತ್ತು? ಹತ್ತಲು ಹೊರಟ ಸ್ಕ್ವಾಡ್ರನ್ನಿನಲ್ಲಿ ಕೊನೆಗೆ ಫಿರಂಗಿಯ ಮುಂದೆ ಕುದುರೆಯ ಮೇಲೆ ಉಳಿದವರು ಸುಮಾರು ಹದಿನೈದೇ ಜನ. ಮಿಕ್ಕವರೆಲ್ಲ ಸತ್ತಿರಲಿಲ್ಲ. ಕೆಲವರನ್ನು ಕೆಳಗಿಳಿಸಿ ರೈಫಲ್, ಮೆಷಿನ್‌ಗನ್ನಿನ ಸಾಲಿಗೆ ಹಾಕಲಾಗಿತ್ತು. ಇನ್ನು ಕೆಲವರ ಕುದುರೆಗಳು ಕುಂಟಿ ದಾರಿಯಲ್ಲೇ ನಿಂತಿದ್ದವು. ಆ ಹದಿನೈದು ಜನ, ನೆರವಿಗೆ ಬಂದ ಶೆರ್‌ವುಡ್ ರೇಂಜರ್ಸ್ ಎಂಬ ಬ್ರಿಟಿಷ್ ಅಶ್ವದಳದ ಸ್ಕ್ವಾಡ್ರನ್ ಜೊತೆಗೆ, ನುಗ್ಗಿ ಒಂದು ಆರಿಂಚಿನ ನೌಕಾ ಫಿರಂಗಿ, ಎರಡು ಬೆಟ್ಟದ ಫಿರಂಗಿ, 78 ಸೆರೆಯಾಳುಗಳನ್ನು ಹಿಡಿದರು. ಅಂದಿನ ಒಟ್ಟು ಲೆಕ್ಕ 1,350 ಸೆರೆಯಾಳುಗಳು, 17 ಫಿರಂಗಿ, 11 ಮೆಷಿನ್‌ಗನ್. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳ ಲೆಕ್ಕ ಯಾರೂ ಫಾರ್ವರ್ಡ್ ಮಾಡುವುದಿಲ್ಲ: 60 ಸತ್ತವು, 83 ಗಾಯಗೊಂಡವು. ಮನುಷ್ಯನಿಗೂ ಕುದುರೆಗೂ ಇರುವ ಈ ಅಂತರ ನೋಡಿದರೇ ಗುಂಡು ಯಾವುದಕ್ಕೆ ತಗುಲಿತೆಂದು ತಿಳಿಯುತ್ತದೆ. ಎದುರಿನಿಂದ ಬರುವ ಕುದುರೆಯ ಎದೆ ದೊಡ್ಡ ಗುರಿ. ಗುಂಡು ತಿಂದ ಕುದುರೆಯೂ ಆ ವೇಗದಲ್ಲಿ ಹಲವು ಗಜ ಓಡಿಯೇ ಬೀಳುತ್ತದೆ.

ಕುದುರೆ ಕುಂಟಿತು ಎಂದೆ. ರೆಜಿಮೆಂಟಿನ ಇತಿಹಾಸ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುವ ಸಂಗತಿ ಇದು, ನನ್ನ ಮಟ್ಟಿಗೆ ಅಶ್ವದಳದ ಅರ್ಧ ಇತಿಹಾಸವೇ ಅಲ್ಲಿದೆ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಹಾಗಾಗಿ ಲಾಳ ಸವೆಯದಿದ್ದರೂ ನಾಲ್ಕೈದು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಕತ್ತರಿಸಿ, ಅರದಿಂದ ಸಮ ಮಾಡಿ ಮತ್ತೆ ಹೊಡೆಯಬೇಕು. ಸಾಮಾನ್ಯವಾಗಿ ಏಳು ಮೊಳೆ, ಹೊರಗಡೆ ನಾಲ್ಕು, ಒಳಗಡೆ ಮೂರು. ಗೊರಸಿನ ಅಡಿಯಲ್ಲಿ ಕಾಣುವ ಬಿಳಿಗೆರೆಯ ಹೊರಗೇ ಮೊಳೆ ಹೋಗಬೇಕು. ಒಂದು ಕೂದಲೆಳೆಯಷ್ಟು ಒಳಗೆ ಹೋಗಿ ಹಸಿ ಮಾಂಸಕ್ಕೆ ತಗುಲಿತೋ, ಕುದುರೆ ಅಂದೇ ಕುಂಟಬಹುದು, ಇಲ್ಲವೇ ಎರಡು ಮೂರು ದಿನ ಬಿಟ್ಟು ಕೀವು ಕಟ್ಟಿಕೊಂಡು ಕುಂಟಬಹುದು. ಮೊಳೆಯ ತುದಿ ಗೊರಸಿನ ಗೋಡೆಯಲ್ಲಿ ಹೊರಬಂದ ಕಡೆ ತಿರುಚಿ ಮುರಿದು ಮಡಚಬೇಕು. ಈ ಮಡಿಕೆ ಸಡಿಲವಾದರೆ ಕಲ್ಲುದಾರಿಯಲ್ಲಿ ಲಾಳ ಕಳಚುತ್ತದೆ, ಕಳಚುವಾಗ ಗೊರಸಿನ ಅಂಚನ್ನೂ ಕಿತ್ತುಕೊಂಡು ಹೋಗುತ್ತದೆ. ಆಮೇಲೆ ಹೊಸ ಮೊಳೆ ಹಿಡಿಯಲು ಜಾಗವೇ ಇರುವುದಿಲ್ಲ. ಅದಕ್ಕೇ ಸವಾರನ ಜೀನಿಗೆ ಒಂದು ತೊಗಲಿನ ಚೀಲ ಕಟ್ಟಿರುತ್ತಿತ್ತು, ಒಳಗೆ ಮುಂಗಾಲಿಗೊಂದು, ಹಿಂಗಾಲಿಗೊಂದು ಲಾಳ, ಜೊತೆಗೆ ಮೊಳೆ. ಹೈಫಾದ ಹೊತ್ತಿಗೆ ಸೆಪ್ಟೆಂಬರ್ 19ರಿಂದ ನಡೆದೇ ಇದ್ದ ಕುದುರೆಗಳು ಅವು. ಅಂಥವನ್ನು ಕಾರ್ಮೆಲ್‌ನ ಚೂಪುಗಲ್ಲಿನ ಮೇಲೆ ಹತ್ತಿಸಿದರೆ ಅಂಗಾಲು ಜಜ್ಜದೆ ಇದ್ದೀತೇ?

ಈ ರೆಜಿಮೆಂಟ್ ಬಂದದ್ದು ಎಲ್ಲಿಂದ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಪೂರ್ಣಯ್ಯನವರು ಕಟ್ಟಿದ ಶಿಲೇದಾರ ಕುದುರೆ ಪಡೆ ಇದರ ಬೇರು. ಶಿಲೇದಾರ ಎಂದರೆ ಸ್ವಂತ ಕುದುರೆ, ಸ್ವಂತ ಆಯುಧದೊಂದಿಗೆ ಚಾಕರಿಗೆ ಬರುವವನು. ಬಾರ್ಗೀರ ಎಂದರೆ ಬೇರೆಯವರ ಕುದುರೆಯ ಮೇಲೆ ಕೂತು ಚಾಕರಿ ಮಾಡುವವನು. 1807ರ ಒಪ್ಪಂದದಲ್ಲಿ ಮೈಸೂರು ಸದಾ 4,000 ಕುದುರೆ ಸಾಕಬೇಕು, ಅದರಲ್ಲಿ ಸುಮಾರು 500 ಬಾರ್ಗೀರ, ಮಿಕ್ಕದ್ದು ಶಿಲೇದಾರ ಎಂದು ಬ್ರಿಟಿಷರು ಬರೆಸಿಕೊಂಡರು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಮರಾಠಾ ಯುದ್ಧದಲ್ಲೂ 1817ರ ಮಹಿದ್‌ಪುರ ಕಾಳಗದಲ್ಲೂ ಮೈಸೂರು ಕುದುರೆ ಇತ್ತು.

ಶಿಲೇದಾರಿ ಪದ್ಧತಿ ಸರ್ಕಾರಕ್ಕೆ ಅಗ್ಗ. ಕುದುರೆ ಕೊಳ್ಳುವ, ಮೇಯಿಸುವ ತಾಪತ್ರಯವೆಲ್ಲ ಸವಾರನದು. ಎಡವಟ್ಟು ಇರುವುದೂ ಅಲ್ಲೇ. ಕುದುರೆ ಸತ್ತರೆ ಸವಾರನ ಬಂಡವಾಳವೇ ಹೋಯಿತು. ಹಾಗಾಗಿ ಗುಂಡಿನೆದುರು ಅದನ್ನು ಓಡಿಸಲು ಕೈ ಹಿಂಜರಿಯುತ್ತದೆ. ಶಾಂತಿಕಾಲದಲ್ಲಿ ಮೇವು ಉಳಿಸಿ ನಾಲ್ಕು ಕಾಸು ಮಾಡಿಕೊಂಡರೆ ಕುದುರೆಯ ಪಕ್ಕೆಲುಬು ಎಣಿಸಬಹುದು. ಒಂದೊಂದು ಕುದುರೆ ಒಂದೊಂದು ಎತ್ತರ, ಒಂದೊಂದು ವೇಗ, ಸಾಲು ಕಟ್ಟಿ ಓಡಿಸಿದರೆ ಸಾಲು ನಿಲ್ಲದು. ಬೇಹು, ಬೆನ್ನಟ್ಟುವಿಕೆ, ಶತ್ರುವಿನ ಮೇವಿನ ಗಾಡಿ ದೋಚುವುದು, ಇವಕ್ಕೆ ಅವರಷ್ಟು ಪಳಗಿದವರು ಇನ್ನೊಬ್ಬರಿರಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ನುಗ್ಗುವ ದಾಳಿಗೆ ಮಾತ್ರ ಬೇರೆಯದೇ ಪಡೆ ಬೇಕು.

ಆ ಬದಲಾವಣೆ ಬಂದದ್ದು 1889ರಲ್ಲಿ ಶುರುವಾದ ಇಂಪೀರಿಯಲ್ ಸರ್ವಿಸ್ ಯೋಜನೆಯಿಂದ. ಸಂಸ್ಥಾನ ತನ್ನ ಖರ್ಚಿನಲ್ಲಿ, ತನ್ನವರೇ ಅಧಿಕಾರಿಗಳಾದ ಒಂದು ಪಡೆ ಸಾಕಬೇಕು, ಬ್ರಿಟಿಷ್ ಅಧಿಕಾರಿಗಳು ತಾಲೀಮು ನೋಡಬೇಕು, ಯುದ್ಧ ಬಂದರೆ ಆ ಪಡೆ ಸಾಮ್ರಾಜ್ಯದ ಜೊತೆ ಹೋಗಬೇಕು. ಶಿಲೇದಾರರಲ್ಲೇ ಆರಿಸಿ ಬೆಂಗಳೂರಿನಲ್ಲಿ ಲ್ಯಾನ್ಸರ್ಸ್ ರೆಜಿಮೆಂಟ್ ನಿಂತಿತು. ಹುದ್ದೆಗಳ ಹೆಸರು ಮಾತ್ರ ಹಳೆಯವೇ: ದಫೇದಾರ, ಜಮಾದಾರ, ರಿಸಾಲ್ದಾರ. ದಳಪತಿಗೆ 'ರೆಜಿಮೆಂಟ್‌ದಾರ್' ಎಂದು ಒಂದು ಅಚ್ಚ ಮೈಸೂರು ಪದವಿ. 1914ರಲ್ಲಿ ಈಜಿಪ್ಟಿಗೆ ಹೊರಟಾಗ ಮುಂದಾಳು ರೆಜಿಮೆಂಟ್‌ದಾರ್ ಬಿ. ಚಾಮರಾಜ ಅರಸು. ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಖರ್ಚಿಗೆಂದು 50 ಲಕ್ಷ ರೂಪಾಯಿ ಕೊಟ್ಟರು.

ಈಟಿಯ ಬಗ್ಗೆ ಎರಡು ಮಾತು. ಒಂಬತ್ತು ಅಡಿ ಉದ್ದದ ಗಟ್ಟಿ ಬಿದಿರು, ಒಳಗೆ ಟೊಳ್ಳಿಲ್ಲದ ಜಾತಿಯದು, ತುದಿಗೆ ಉಕ್ಕಿನ ಮೊನೆ. ಟೊಳ್ಳು ಬಿದಿರಾದರೆ ತಾಗಿದ ಕೂಡಲೇ ಸೀಳುತ್ತದೆ, ಗಟ್ಟಿಯದು ಬಾಗಿ ಮತ್ತೆ ನೆಟ್ಟಗಾಗುತ್ತದೆ. ತೂಕ ಸಮವಾಗುವ ಜಾಗದಲ್ಲಿ ತೊಗಲಿನ ಕುಣಿಕೆ, ಅದು ಮಣಿಕಟ್ಟಿಗೆ. ಚುಚ್ಚುವುದು ಕಷ್ಟದ ಕೆಲಸವೇ ಅಲ್ಲ, ಕುದುರೆಯ ವೇಗವೇ ಚುಚ್ಚುತ್ತದೆ. ಕಷ್ಟವಿರುವುದು ಹೊರಗೆಳೆಯುವುದರಲ್ಲಿ. ಹೊಸಬ ಮೊನೆ ನಾಟಿದ ಕೂಡಲೇ ತೋಳು ಬಿಗಿಹಿಡಿಯುತ್ತಾನೆ. ಕುದುರೆ ಮುಂದಕ್ಕೆ, ಈಟಿ ಹಿಂದಕ್ಕೆ, ಭುಜ ಕಳಚುತ್ತದೆ ಅಥವಾ ಸವಾರ ಜೀನಿನಿಂದ ಹಾರಿಬೀಳುತ್ತಾನೆ. ಪಳಗಿದವನು ನಾಟಿದ ಕ್ಷಣ ತೋಳನ್ನು ಸಡಿಲ ಬಿಟ್ಟು ಹಿಂದಕ್ಕೆ ಹೋಗಗೊಡುತ್ತಾನೆ, ಕುದುರೆ ದಾಟಿ ಹೋದಂತೆ ಮೊನೆ ತಾನಾಗಿ ಕಳಚಿ ಬರುತ್ತದೆ.

ಈಜಿಪ್ಟಿನಲ್ಲಿ ಮೊದಲ ವರ್ಷಗಳು ಸೂಯೆಜ್ ಕಾಲುವೆಯ ಕಾವಲಿನಲ್ಲಿ ಕಳೆದವು. ಮರಳಿನಲ್ಲಿ ಗಸ್ತು, ಆಗೊಮ್ಮೆ ಈಗೊಮ್ಮೆ ಚಕಮಕಿ. ಹೋರಾಟ ಕಡಿಮೆ, ಆದರೆ ಕುದುರೆಗೆ ಅದು ದೊಡ್ಡ ಪರೀಕ್ಷೆ. ಬೆಂಗಳೂರಿನ ಲಾಯದಲ್ಲಿ ಬೇಯಿಸಿದ ಹುರುಳಿ, ಬೂಸ, ಹಸಿ ಹುಲ್ಲು ತಿಂದವಕ್ಕೆ ಅಲ್ಲಿ ಸಿಕ್ಕಿದ್ದು ಬಾರ್ಲಿ ಮತ್ತು ತಿಬ್ಬೆನ್ ಎನ್ನುವ ಕೊಚ್ಚಿದ ಒಣಹುಲ್ಲು. ಮೇವನ್ನು ಒಂದೇ ದಿನ ಬದಲಾಯಿಸಿದರೆ ಕುದುರೆಗೆ ಹೊಟ್ಟೆಶೂಲೆ ತಪ್ಪಿದ್ದಲ್ಲ. ಕುದುರೆ ವಾಂತಿ ಮಾಡಲಾರದು, ಒಳಗೆ ಕಟ್ಟಿಕೊಂಡದ್ದು ಕಟ್ಟಿಕೊಂಡೇ ಇರುತ್ತದೆ. ಹಳೆಯ ಕಾಳಿಗೆ ಹೊಸದನ್ನು ದಿನಕ್ಕಿಷ್ಟು ಎಂದು ಬೆರೆಸುತ್ತಾ ವಾರ ಹತ್ತು ದಿನ ತೆಗೆದುಕೊಳ್ಳಬೇಕು. ನೆಲದ ಮೇಲೆ ಮೇವು ಹಾಕಿದರೆ ಮರಳೂ ಹೊಟ್ಟೆ ಸೇರಿ ಕರುಳಿನಲ್ಲಿ ಕೂರುತ್ತದೆ. ಆದ್ದರಿಂದ ಕಾಳು ಏನಿದ್ದರೂ ಬಾಯಿಗೆ ಕಟ್ಟುವ ಚೀಲದಲ್ಲೇ.

ನೀರಿನ ಲೆಕ್ಕ ಇನ್ನೂ ಬಿಗಿ. ಬಿಸಿಲಲ್ಲಿ ದುಡಿಯುವ ಕುದುರೆಗೆ ದಿನಕ್ಕೆ 30ರಿಂದ 40 ಲೀಟರ್ ಬೇಕು. 500 ಕುದುರೆಗೆ ಮೂವತ್ತರಂತೆ ಹಿಡಿದರೂ 15,000 ಲೀಟರ್. ಬಾವಿಯಿಂದ ಹತ್ತು ಲೀಟರಿನ ಬಕೆಟ್ಟಿನಲ್ಲಿ ಸೇದಿದರೆ 1,500 ಸಲ. ಅರ್ಧ ನಿಮಿಷಕ್ಕೊಂದು ಬಕೆಟ್ ಬಂದರೂ ಹನ್ನೆರಡೂವರೆ ಗಂಟೆ! ಬಾವಿ ಇದೆ ಎಂದರೆ ನೀರು ಇದೆ ಎಂದಲ್ಲ. ಪಂಪು ಮತ್ತು ಕ್ಯಾನ್ವಾಸಿನ ತೊಟ್ಟಿ ಇದ್ದರೆ ಮಾತ್ರ ಒಂದು ರೆಜಿಮೆಂಟ್ ರಾತ್ರಿ ಮುಗಿಯುವ ಮೊದಲು ನೀರು ಕುಡಿದು ಹೊರಡಬಲ್ಲದು. 1917ರ ಅಕ್ಟೋಬರ್ ಕೊನೆಗೆ ಬೀರ್‌ಶೆಬಾ ಕಡೆಯಿಂದ ಗಾಜಾ ಸುತ್ತುವರಿದಾಗ ಬ್ರಿಟಿಷ್ ಸೇನೆ ಮೊದಲು ಹಿಡಿಯಬೇಕೆಂದು ಹೊರಟದ್ದು ಬಾವಿಗಳನ್ನೇ.

ಬೆನ್ನಿನ ಹುಣ್ಣು ಇನ್ನೊಂದು ಪಿಡುಗು. ಸವಾರ, ಜೀನು, ರೈಫಲ್, ಕತ್ತಿ, ಈಟಿ, ಗುಂಡು, ಕಾಳು ಎಲ್ಲ ಸೇರಿ ಕುದುರೆ ಹೊರುವುದು ಸುಮಾರು 120 ಕಿಲೋ. ದಂಡಯಾತ್ರೆಯಲ್ಲಿ ಕುದುರೆ ಸೊರಗುತ್ತದೆ, ಬೆನ್ನಿನ ಮಾಂಸ ಕರಗುತ್ತದೆ, ಜೀನಿನ ಚೌಕಟ್ಟು ಮಾತ್ರ ಹಾಗೇ ಇರುತ್ತದೆ. ತಿಂಗಳ ಹಿಂದೆ ಸರಿಯಾಗಿ ಕೂತ ಜೀನು ಇಂದು ಹೆಗಲ ಮೂಳೆಗೆ ಒತ್ತುತ್ತದೆ. ಅದಕ್ಕೆ ಅಡಿಯಲ್ಲಿ ಕಂಬಳಿಯನ್ನು ಇನ್ನೊಂದು ಮಡಿಕೆ ಹಾಕಿ, ಮುಂಭಾಗದಲ್ಲಿ ಕೈ ತೂರಿಸಿ ಗಾಳಿಯಾಡುತ್ತದೆಯೇ ಎಂದು ನೋಡಬೇಕು. ಹೊರಟ ಕಾಲು ಗಂಟೆಗೆ ಒಮ್ಮೆ ನಿಂತು ಹೊಟ್ಟೆಪಟ್ಟಿ ಬಿಗಿಯಬೇಕು, ಏಕೆಂದರೆ ಜೀನು ಹಾಕುವಾಗ ಕುದುರೆ ಉಸಿರು ಹಿಡಿದು ಹೊಟ್ಟೆ ಉಬ್ಬಿಸಿರುತ್ತದೆ. ಕೊನೆಯ ಮೈಲಿ ಇಳಿದು ನಡೆಯಬೇಕು. ತಲುಪಿದ ಕೂಡಲೇ ಜೀನು ಕಿತ್ತೆಸೆಯಬಾರದು. ಪಟ್ಟಿ ಸಡಿಲಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ, ಒತ್ತಿಹೋದ ಚರ್ಮಕ್ಕೆ ರಕ್ತ ಒಮ್ಮೆಲೇ ನುಗ್ಗಿ ಬಾವು ಏಳುವುದು ತಪ್ಪುತ್ತದೆ. ಇದರಲ್ಲಿ ಒಂದನ್ನು ಸೋಮಾರಿತನದಿಂದ ಬಿಟ್ಟವನು ಮರುದಿನ ಕಾಲಾಳು.

ಹೈಫಾ ಆದ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ಅಲೆಪ್ಪೋದ ಉತ್ತರಕ್ಕೆ ಹರಿತಾನ್ ಎಂಬಲ್ಲಿ ಇದೇ ಎರಡು ರೆಜಿಮೆಂಟುಗಳು ಇನ್ನೊಂದು ದಾಳಿ ಮಾಡಿದವು. ಇದರ ಫಾರ್ವರ್ಡ್ ಬರುವುದಿಲ್ಲ. ಇಬ್ಬರೂ ಸೇರಿ ಸುಮಾರು 500 ಸವಾರರು. ಎದುರಿಗೆ ಕೆಲವು ನೂರು ಜನ ಇರಬಹುದೆಂಬ ಅಂದಾಜು. ಇದ್ದದ್ದು ಎರಡೂವರೆ ಮೂರು ಸಾವಿರ ಕಾಲಾಳು, ಫಿರಂಗಿ, ಮೆಷಿನ್‌ಗನ್. ಮೈಸೂರಿನವರು ಪೂರ್ವಕ್ಕೆ ಸುತ್ತಿ ಶತ್ರುವಿನ ಪಕ್ಕೆಗೆ ನುಗ್ಗಬೇಕಿತ್ತು. ಸುತ್ತಿ ಬಂದು ನೋಡಿದರೆ ಶತ್ರುವಿನ ಸಾಲು ಅಂದುಕೊಂಡದ್ದಕ್ಕಿಂತ ಉದ್ದ, ಪಕ್ಕೆ ಎಂಬುದೇ ಅಲ್ಲಿರಲಿಲ್ಲ. ಆದರೂ ನುಗ್ಗಿದರು, ಇರಿದರು, ಒಂದಷ್ಟು ಜನರನ್ನು ಹಿಡಿದರು, ನೆಲ ಹಿಡಿದು ನಿಲ್ಲುವಷ್ಟು ಜನವಿಲ್ಲದೆ ಹಿಂದೆ ಬಂದರು. ಜೋಧಪುರದ ಲೆಫ್ಟಿನೆಂಟ್ ಕರ್ನಲ್ ಹೋಲ್ಡನ್ ಸೇರಿ 21 ಜನ ಅಂದು ಸತ್ತರು. ಸವಾರರು ಅವರೇ, ಈಟಿ ಅದೇ. ಹೈಫಾದಲ್ಲಿ ಮೊದಲು ಬೆಟ್ಟ ಹತ್ತಿ ಫಿರಂಗಿ ಹಿಡಿಯಲು, ಬದಿಯಿಂದ ಗುಂಡು ಸುರಿಸಲು ನಾಲ್ಕು ಗಂಟೆ ಸಿಕ್ಕಿತ್ತು. ಹರಿತಾನ್‌ನಲ್ಲಿ ಶತ್ರುವನ್ನು ಎಣಿಸುವುದಕ್ಕೂ ಹೊತ್ತು ಸಿಗಲಿಲ್ಲ. ನಾಲ್ಕೈದು ದಿನಕ್ಕೆ ತುರ್ಕಿಯೊಡನೆ ಕದನವಿರಾಮವಾಯಿತು. ಸೆಪ್ಟೆಂಬರ್ 19ರಿಂದ ಅಲ್ಲಿಯವರೆಗೆ ಈ ಬ್ರಿಗೇಡ್ ಸೇರಿದ್ದ ಡಿವಿಷನ್ (ಹಲವು ಬ್ರಿಗೇಡುಗಳ ಪಡೆ) ನಡೆದದ್ದು 550 ಮೈಲಿಗೂ ಹೆಚ್ಚು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ರೆಜಿಮೆಂಟಿನ ಕಲ್ಲಿನ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಯೋಧರು ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್ಸ್. 1922ರ ಆ ಪ್ರತಿಮೆಗಳಲ್ಲಿ ಮೂವರೂ ನಿಂತಿದ್ದಾರೆ, ಒಂದೂ ಕುದುರೆಯಿಲ್ಲ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು.

ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನೆಲ್ಲ ಕೂಡಿಸಿ 1953ರ ಅಕ್ಟೋಬರ್‌ನಲ್ಲಿ ಗ್ವಾಲಿಯರಿನಲ್ಲಿ ಒಂದೇ ರೆಜಿಮೆಂಟ್ ಮಾಡಿದರು. ಅದೇ ಇಂದಿನ 61ನೇ ಕ್ಯಾವಲ್ರಿ, ಈಗ ಜೈಪುರದಲ್ಲಿದೆ. ಮೈಸೂರು ಲ್ಯಾನ್ಸರ್ಸ್‌ನ ಒಂದು ಪಾಲು ಅದರೊಳಗೆ ಹೋಯಿತು. ಇನ್ನೊಂದು ಪಾಲು ಊರಲ್ಲೇ ಉಳಿದು ಮೈಸೂರಿನ ಪೊಲೀಸ್ ಅಶ್ವಾರೋಹಿ ದಳಕ್ಕೆ ಬುನಾದಿಯಾಯಿತು. ದಸರಾ ಜಂಬೂಸವಾರಿಯಲ್ಲಿ ಕಾಣುವುದು ಆ ದಳದ ಕುದುರೆಗಳು.

ಶಾಂತಿಕಾಲದ ಕೆಲಸ ಹಗುರವೇನಲ್ಲ. ದಸರಾದಲ್ಲಿ ಏಳು ಫಿರಂಗಿಗಳಿಂದ 21 ಸಲ ಕುಶಾಲತೋಪು ಹಾರುತ್ತದೆ, ಜನಜಂಗುಳಿಯ ನಡುವೆ ಒಂದು ಕುದುರೆ ಬೆದರಿದರೂ ಅನಾಹುತ. ಹಬ್ಬಕ್ಕೆ ಮೊದಲೇ ಆನೆ, ಕುದುರೆಗಳಿಗೆ ಸದ್ದಿನ ತಾಲೀಮು ನಡೆಯುತ್ತದೆ. ಇಂಥ ತಾಲೀಮಿಗೆ ಎಲ್ಲೆಡೆಯೂ ಕ್ರಮ ಒಂದೇ. ಹೊಸ ಕುದುರೆಯನ್ನು ಪಳಗಿದ ಹಳೆಯದರ ಪಕ್ಕ ನಿಲ್ಲಿಸಬೇಕು, ದೂರದಿಂದ ಶುರು ಮಾಡಬೇಕು, ಕಿವಿ ನಿಮಿರಿಸುವುದು ನಿಂತ ಮೇಲೆ ಮಾತ್ರ ಹತ್ತಿರಕ್ಕೆ ತರಬೇಕು. ಬೆದರಿದಾಗ ಲಗಾಮು ಜಗ್ಗಿದರೆ ಕೆಟ್ಟಿತು. ಸದ್ದಿಗೂ ಬಾಯಿನೋವಿಗೂ ನಂಟು ಕಟ್ಟಿಕೊಂಡ ಕುದುರೆ ಮುಂದಿನ ವರ್ಷವೂ ಅದನ್ನು ಮರೆಯುವುದಿಲ್ಲ.

ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಟೆಂಟ್ ಪೆಗ್ಗಿಂಗ್ ಇರುತ್ತದೆ. ನೆಲದಲ್ಲಿ ನೆಟ್ಟ ಅಂಗೈ ಅಗಲದ ಗೂಟವನ್ನು ನಾಗಾಲೋಟದಲ್ಲಿ ಬಂದು ಈಟಿಯ ಮೊನೆಯಿಂದ ಕಿತ್ತೊಯ್ಯುವ ಆಟ. ಅಲ್ಲಿ ಗೂಟ ಸಿಕ್ಕ ನಂತರ ಸವಾರನ ತೋಳನ್ನು ನೋಡಿ. ಬಿಗಿಯದೆ ಹಿಂದಕ್ಕೆ ತೇಲಿ, ತಲೆಯ ಮೇಲಿಂದ ಸುತ್ತಿ ಮುಂದಕ್ಕೆ ಬಂದರೆ ಗೂಟ ಮೊನೆಯಲ್ಲೇ ಉಳಿಯುತ್ತದೆ. ಬಿಗಿದವನ ಗೂಟ ನಾಲ್ಕು ಹೆಜ್ಜೆಗೆ ಕಳಚಿ ಬೀಳುತ್ತದೆ.